ಗದಗದ ಬಸ್ಸಿನಿಂದ ಲಕ್ಷ್ಮೇಶ್ವರದ ಬಸ್ಸಿನವರೆಗೆ: ಮಗು ಶಾಲೆಯಲ್ಲಿ ಏನು ಕಲಿಯುತ್ತಿದೆ ಎಂದು ತಿಳಿಯುವುದು ಹೇಗೆ

“ಇವತ್ತು ಶಾಲೆಯಲ್ಲಿ ಏನು ಕಲಿತೆ?” ಎಂದು ಕೇಳಿದರೆ ಯಾವ ಮಗುವೂ ನೆಟ್ಟಗೆ ಉತ್ತರ ಕೊಡುವುದಿಲ್ಲ. “ಏನೂ ಇಲ್ಲ” ಎನ್ನುತ್ತದೆ, ಇಲ್ಲವೆ “ಹಾಲು ಕುಡಿದೆವು” ಎನ್ನುತ್ತದೆ. ಮರುದಿನ ತಾಯಿ ನನ್ನ ಮುಂದೆ ನಿಂತಿರುತ್ತಾಳೆ: “ಅಕ್ಕೋರೇ, ಶಾಲೆಯಲ್ಲಿ ಏನೂ ಕಲಿಸುವುದಿಲ್ಲವಂತೆ.” ಇಪ್ಪತ್ತಾರು ವರ್ಷಗಳಿಂದ ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಈ ಮಾತನ್ನು ಕೇಳಿಸಿಕೊಂಡು ಬಂದಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ಮನೆಯಲ್ಲೇ ಕಂಡುಕೊಳ್ಳುವ ಬಗೆಯನ್ನು ಹೇಳಿ ಕಳುಹಿಸುತ್ತೇನೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿರುವ ಮನೆಗಳಿಗಾಗಿ ಅದನ್ನೇ ಇಲ್ಲಿ ಬರೆದಿದ್ದೇನೆ. ಇದರಲ್ಲಿ ಬಹುಪಾಲು ಕೆಲಸಗಳನ್ನು ಅಕ್ಷರ ಬಾರದ ಅಜ್ಜಿಯೂ ಮಾಡಿಸಬಹುದು.

ಮೊದಲು ನನ್ನ ಮನೆಯ ಹುಳುಕನ್ನೇ ಹೇಳಿಬಿಡುತ್ತೇನೆ. ನನ್ನ ಮಗ ಎರಡನೆಯ ತರಗತಿಯಲ್ಲಿದ್ದಾಗ ಪಟ್ಟಣದ ಒಂದು ಖಾಸಗಿ ಶಾಲೆಗೆ ಹೋಗುತ್ತಿದ್ದ. ದಿನಾ ಸಂಜೆ ಪುಸ್ತಕ ಹಿಡಿದು ಗಡಗಡ ಓದುತ್ತಿದ್ದ. ನಾನು ರೊಟ್ಟಿ ಬಡಿಯುತ್ತಲೇ ಕೇಳಿ ಹಿಗ್ಗುತ್ತಿದ್ದೆ. ಒಂದು ದಿನ ಹಿಂದಿನಿಂದ ಬಂದು ನೋಡಿದರೆ ಅವನ ಬೆರಳು ಮೂರನೆಯ ಸಾಲಿನಲ್ಲಿತ್ತು, ಬಾಯಿ ಐದನೆಯ ಸಾಲಿನಲ್ಲಿತ್ತು. ಪುಸ್ತಕ ಮುಚ್ಚಿಸಿದೆ. ಓದು ಮಾತ್ರ ನಿಲ್ಲಲಿಲ್ಲ! ಪಾಠವಿಡೀ ಬಾಯಿಪಾಠವಾಗಿತ್ತು. ಪ್ರಗತಿ ಪತ್ರದಲ್ಲಿ ಕನ್ನಡದ ಮುಂದೆ ಎ ಪ್ಲಸ್ ಎಂದು ಇತ್ತು. ಊರ ಮಕ್ಕಳಿಗೆಲ್ಲ ಓದು ಕಲಿಸುವವಳಿಗೆ ತನ್ನ ಮಗನಿಗೆ ಓದು ಬಾರದ್ದು ಗೊತ್ತಾಗಲು ಆರು ತಿಂಗಳು ಬೇಕಾಯಿತು.

ಆವತ್ತಿನಿಂದ ನಾನು ಮಕ್ಕಳನ್ನು ‘ಏನು ಕಲಿತೆ’ ಎಂದು ಕೇಳುವುದನ್ನು ಬಿಟ್ಟೆ. ಒಂದು ಕೆಲಸ ಹೇಳುತ್ತೇನೆ, ಮಾಡುವಾಗ ಬೆರಳು ಎಲ್ಲಿದೆ ಎಂದು ನೋಡುತ್ತೇನೆ.

ಓದು: ಬಸ್ ನಿಲ್ದಾಣದಲ್ಲಿ

ಸರ್ಕಾರಿ ಶಾಲೆಯ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದನ್ನು ಕಂಡು ಅನೇಕರು ಶಿಕ್ಷಕರ ಕೊರತೆ ಎಂದುಕೊಳ್ಳುತ್ತಾರೆ. ಕೊರತೆ ಇದೆ, ಅದು ಬೇರೆ ಮಾತು. ಒಟ್ಟಿಗೆ ಕೂರುವುದು ನಲಿಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಇದರಲ್ಲಿ ಮಗು ತರಗತಿಯ ಲೆಕ್ಕದಲ್ಲಿ ಅಲ್ಲ, ಕಲಿಕಾ ಏಣಿಯ ಲೆಕ್ಕದಲ್ಲಿ ಮುಂದೆ ಹೋಗುತ್ತದೆ. ಏಣಿಯಲ್ಲಿ ಮೈಲಿಗಲ್ಲುಗಳಿವೆ, ಅಂದರೆ ಒಂದೊಂದಾಗಿ ದಾಟಬೇಕಾದ ಕಲಿಕೆಯ ಹಂತಗಳು. ಒಂದು ವಾರ ಜ್ವರ ಬಂದು ಮಲಗಿದ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ.

ಮನೆಯವರಿಗೆ ಗಾಬರಿ ಹುಟ್ಟಿಸುವುದು ಅಕ್ಷರಗಳ ಸಾಲು. ಶಾಲೆಗೆ ಸೇರಿ ಮೂರು ತಿಂಗಳಾದರೂ ಮಗುವಿಗೆ ‘ಅ ಆ ಇ ಈ’ ಬರುವುದಿಲ್ಲ ಎಂದು ಜಗಳಕ್ಕೆ ಬಂದ ಅಜ್ಜಂದಿರನ್ನು ನಾನು ಕಂಡಿದ್ದೇನೆ. ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ವರ್ಣಮಾಲೆಯ ಸಾಲಿನಲ್ಲಿ ಹೋದರೆ ಐದು ಅಕ್ಷರ ಕಲಿತ ಮಗು ‘ಅ ಆ ಇ ಈ ಉ’ ಎನ್ನಬಲ್ಲದು, ಅಷ್ಟೆ. ಓದಲು ಒಂದು ಪದವೂ ಹುಟ್ಟುವುದಿಲ್ಲ. ರಗಸದಅ ಕಲಿತ ಮಗು ಸರ, ಅರಸ, ಅಗಸ, ಗರಗಸ ಓದುತ್ತದೆ. ಇನ್ನೈದು ಬಂದರೆ ಮರ, ದನ, ಜನ, ಬಸವ. ನಮ್ಮ ಸೀಮೆಯ ಮಕ್ಕಳಿಗೆ ಇನ್ನೊಂದು ಭಾಗ್ಯವೂ ಇದೆ: ಮೊದಲ ಐದೇ ಅಕ್ಷರಗಳಲ್ಲಿ ಒಂದು ಜಿಲ್ಲಾ ಕೇಂದ್ರವನ್ನು ಓದಬಹುದು. ಗದಗ.

ಅದರಿಂದಲೇ ನನಗೆ ಈ ಉಪಾಯ ಹೊಳೆದದ್ದು. ಮಗುವನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ಯಿರಿ. ಹೇಗಿದ್ದರೂ ಸಂತೆಗೋ ಜಾತ್ರೆಗೋ ಹೋಗುತ್ತೀರಿ. ಬಸ್ಸು ಬಂದಾಗ ಬೋರ್ಡು ಏನೆಂದು ನೀವು ಹೇಳಬೇಡಿ, ಕಂಡಕ್ಟರ್ ಕೂಗುವ ಮೊದಲೇ ಮಗುವಿನಿಂದ ಓದಿಸಿ. ಗದಗ ಎಂದರೆ ಬಿಡಿ ಅಕ್ಷರ ಬಂದಿವೆ. ಹಾವೇರಿ, ರೋಣ, ಸವಣೂರು, ಹಿರೇಕೆರೂರು ಓದಿದರೆ ಕಾಗುಣಿತ ಕೈಹಿಡಿದಿದೆ. ಮುಂಡರಗಿಯಲ್ಲಿ ಸೊನ್ನೆಯ ಪರೀಕ್ಷೆ. ಹುಬ್ಬಳ್ಳಿ, ರಾಣೆಬೆನ್ನೂರು ಸಜಾತಿ ಒತ್ತಿನವು. ಅಕ್ಷರದ ಕೆಳಗೆ ಅದೇ ಅಕ್ಷರ. ಬ್ಯಾಡಗಿಯಲ್ಲಿ ಬ ಅಕ್ಷರಕ್ಕೆ ಯ ಒತ್ತು ಬಂತು, ಇದು ವಿಜಾತಿ. ಶಿಗ್ಗಾಂವಿಯಲ್ಲಿ ಒತ್ತು, ದೀರ್ಘ, ಸೊನ್ನೆ ಒಂದರ ಮೇಲೊಂದು ಬಂದು ಮಗು ತಡವರಿಸುತ್ತದೆ, ತಡವರಿಸಲಿ. ಕೊನೆಯ ಪರೀಕ್ಷೆ ಲಕ್ಷ್ಮೇಶ್ವರ. ಕ ಅಕ್ಷರಕ್ಕೆ ಷ ಒತ್ತು, ಅದಕ್ಕೆ ಮ ಒತ್ತು, ಮೇಲೆ ಏತ್ವ ಮತ್ತು ದೀರ್ಘ. ಅದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಒತ್ತು. ಲಕ್ಷ್ಮೇಶ್ವರ ಓದಿದ ಮಗುವಿಗೆ ಕನ್ನಡದಲ್ಲಿ ಓದಲಾರದ ಬೋರ್ಡು ಇಲ್ಲ.

ನನ್ನ ಅಂದಾಜಿನಲ್ಲಿ ಒಂದನೆಯ ತರಗತಿ ಮುಗಿಯುವಾಗ ಹಾವೇರಿ, ಎರಡನೆಯದು ಮುಗಿಯುವಾಗ ಹುಬ್ಬಳ್ಳಿ, ಮೂರನೆಯದರಲ್ಲಿ ಲಕ್ಷ್ಮೇಶ್ವರ ಬಂದರೆ ಮಗು ದಾರಿಯಲ್ಲಿದೆ. ಒಂದು ಎಚ್ಚರಿಕೆ: ದಿನಾ ಹತ್ತುವ ಬಸ್ಸಿನ ಬೋರ್ಡನ್ನು ಓದಿಸಬೇಡಿ. ಅದನ್ನು ಮಗು ಬಣ್ಣದಿಂದ, ಡ್ರೈವರನ ಮುಖದಿಂದಲೇ ಗುರುತು ಹಿಡಿಯುತ್ತದೆ. ಹೊಸ ಬಸ್ಸುಗಳಲ್ಲಿ ಅಕ್ಷರಗಳು ಬೆಳಕಿನಲ್ಲಿ ಓಡುತ್ತವೆ. ಅರ್ಧ ಓದುವಷ್ಟರಲ್ಲಿ ಇಂಗ್ಲಿಷ್ ಬಂದುಬಿಡುತ್ತದೆ. ಅವಸರ ಮಾಡಬೇಡಿ, ಬೋರ್ಡು ಮತ್ತೆ ಬರುತ್ತದೆ.

ಬಸ್ಸು ಸಿಗದವರು ಲಗ್ನಪತ್ರಿಕೆ ಕೊಡಿ. ಪಾಠಪುಸ್ತಕ ಬೇಡ, ಅದು ಬಾಯಿಪಾಠವಾಗಿರಬಹುದು. ಬೀಜದ ಪೊಟ್ಟಣ, ನ್ಯಾಯಬೆಲೆ ಅಂಗಡಿಯ ಸೂಚನೆ, ರೊಟ್ಟಿ ಸುತ್ತಿದ ಹಳೆಯ ಪೇಪರು, ಯಾವುದಾದರೂ ಸರಿ. ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: “ಊಟ ಎಷ್ಟು ಗಂಟೆಗಂತೆ?” ಅಕ್ಷರ ಉಚ್ಚರಿಸಿ ಅರ್ಥ ಬಿಟ್ಟ ಮಗು ಇಲ್ಲಿ ಸಿಕ್ಕಿಬೀಳುತ್ತದೆ.

ಭಾಷೆ ಎಂದರೆ ಬರೀ ಓದಲ್ಲ, ಕೇಳುವುದು ಮತ್ತು ಹೇಳುವುದೂ ಪಠ್ಯಕ್ರಮದಲ್ಲಿದೆ. ಅದಕ್ಕೆ ಹಳೆಯ ದಾರಿಯೇ ಸಾಕು. ಮೊಬೈಲ್ ಬದಿಗಿಟ್ಟು ಮಗುವಿನ ಕೈಯಲ್ಲಿ ಮಾತು ಹೇಳಿ ಕಳುಹಿಸಿ: “ಚಿಗವ್ವನಿಗೆ ಹೇಳು, ನಾಳೆ ಶೇಂಗಾ ಸುಲಿಯಲು ಆಳು ಬರುವುದಿಲ್ಲವಂತೆ, ನಾಡಿದ್ದು ಬಂದರೆ ನಡೆಯುತ್ತದೆಯೇ ಎಂದು ಕೇಳಿಕೊಂಡು ಬಾ.” ಒಂದು ಸುದ್ದಿ, ಒಂದು ಪ್ರಶ್ನೆ, ಮರಳಿ ಒಂದು ಉತ್ತರ. ದಾರಿಯಲ್ಲಿ ಎಷ್ಟು ಉದುರಿಹೋಯಿತು ಎಂದು ನೋಡಿ.

ಲೆಕ್ಕ: ತಪ್ಪು ಉತ್ತರವೇ ಹೆಚ್ಚು ಹೇಳುತ್ತದೆ

ಮಗ್ಗಿ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಮಗ್ಗಿ ಬೇಕು, ಬೇಡವೆನ್ನುವುದಿಲ್ಲ. ಆದರೆ ಇಪ್ಪತ್ತರ ಮಗ್ಗಿಯನ್ನು ಮಂತ್ರದಂತೆ ಹೇಳುವ ಮಗುವಿಗೆ ‘ಮುನ್ನೂರ ಐದು’ ಬರೆ ಎಂದು ಹೇಳಿ ನೋಡಿ. 3005 ಎಂದು ಬರೆದರೆ ಮಗು ಕಿವಿಗೆ ಬಿದ್ದದ್ದನ್ನೇ ಬರೆದಿದೆ ಎಂದರ್ಥ: ಮುನ್ನೂರು, ಆಮೇಲೆ ಐದು. ಸ್ಥಾನಬೆಲೆ ಇನ್ನೂ ಕೂತಿಲ್ಲ. ಮನೆಯಲ್ಲಿ ನೂರರ, ಹತ್ತರ ನೋಟುಗಳು, ಒಂದು ರೂಪಾಯಿಯ ನಾಣ್ಯಗಳು ಇರುತ್ತವೆ. ಮೂರು ನೂರರ ನೋಟು, ಹತ್ತರದ್ದು ಒಂದೂ ಇಲ್ಲ, ಐದು ನಾಣ್ಯ. ‘ಹತ್ತರದ್ದು ಇಲ್ಲ’ ಎನ್ನುವ ಜಾಗವನ್ನು ಕಾಯಲು ಸೊನ್ನೆ ಇದೆ. ಇದನ್ನು ಹಲಗೆಯ ಮೇಲೆ ನಾನು ಹತ್ತು ಸಲ ಹೇಳುವುದಕ್ಕಿಂತ ನೀವು ನೋಟು ಕೊಟ್ಟು ಒಂದು ಸಲ ಎಣಿಸಿದರೆ ಬೇಗ ತಲೆಗೆ ಹೋಗುತ್ತದೆ.

ಇನ್ನೊಂದು ತಪ್ಪು ಪ್ರತಿವರ್ಷ ನನ್ನ ಮುಂದೆ ಬರುತ್ತದೆ. 52ರಲ್ಲಿ 27 ಕಳೆದರೆ 35 ಎನ್ನುತ್ತವೆ ಮಕ್ಕಳು. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆದುಬಿಡುತ್ತವೆ. ತಪ್ಪು ಎಂದು ಬಡಿಯಬೇಡಿ. “ಹೇಗೆ ಮಾಡಿದೆ, ಹೇಳು ತಂಗೀ” ಎಂದು ಕೇಳಿ. ಮಗು ತನ್ನ ದಾರಿಯನ್ನು ತಾನೇ ಹೇಳುವಾಗ ಅರ್ಧಕ್ಕರ್ಧ ಸಲ ನಡುವೆಯೇ ನಿಂತು “ಅಯ್ಯೋ” ಎನ್ನುತ್ತದೆ. ಉಳಿದವರಿಗೆ ಮತ್ತೆ ನೋಟು: ಐದು ಹತ್ತರ ನೋಟು, ಎರಡು ನಾಣ್ಯ ಕೈಗಿಟ್ಟು ಇಪ್ಪತ್ತೇಳು ಕೊಡು ಎನ್ನಿ. ಒಂದು ನೋಟನ್ನು ಚಿಲ್ಲರೆ ಮಾಡಿಸದೆ ಕೊಡಲಾಗುವುದಿಲ್ಲ. ಶಾಲೆಯಲ್ಲಿ ನಾವು ‘ದಶಕ ಬಿಡಿಸುವುದು’ ಎನ್ನುವುದು ಇದನ್ನೇ.

ಭಿನ್ನರಾಶಿ ನಾಲ್ಕನೆಯ ತರಗತಿಯ ಮಕ್ಕಳನ್ನು ಹೆದರಿಸುತ್ತದೆ. ಅದೇ ಮಕ್ಕಳು ಅಂಗಡಿಗೆ ಹೋಗಿ ಪಾವು ಕಿಲೋ ಸಕ್ಕರೆ ತರುತ್ತಾರೆ. ಪಾವು, ಅರ್ಧ, ಮುಕ್ಕಾಲು ಎನ್ನುವ ಪದಗಳು ಮನೆಯಲ್ಲಿವೆ, ಅವು ಪುಸ್ತಕದ ಕಾಲು, ಅರ್ಧ, ಮುಕ್ಕಾಲಿನ ಒಡಹುಟ್ಟಿದವು ಎಂದು ಯಾರೂ ಮಗುವಿಗೆ ಹೇಳಿರುವುದಿಲ್ಲ. ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಒಂದು ಚೂರು ಮುರಿದು ಕೊಡಿ. ಬಿಸಿ ರೊಟ್ಟಿಯೇ ಆಗಬೇಕು, ಒಣಗಿದ ಕಟಕ ರೊಟ್ಟಿ ಹಿಡಿದು ಪ್ರಯೋಗ ಮಾಡಿದರೆ ಛಿದ್ರವಾಗಿ ಹದಿನೇಳನೆಯ ಒಂದು ಭಾಗ ಬರುತ್ತದೆ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಲೆಕ್ಕವನ್ನು ಐದನೆಯ ತರಗತಿಯ ಮಕ್ಕಳೇ ಮಾಡುತ್ತಾರೆ. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಹಾಜರಿ 38 ಇದ್ದರೆ 3 ಕಿಲೋ 800 ಗ್ರಾಂ ಅಕ್ಕಿ, 760 ಗ್ರಾಂ ಬೇಳೆ. ಮೂವರು ಬಾರದಿದ್ದರೆ ಎಲ್ಲವನ್ನೂ ಮತ್ತೆ ಹಾಕಬೇಕು. ಅಡುಗೆಯವರು ತೂಗಿ ನೋಡುವುದರಿಂದ ಉತ್ತರ ತಪ್ಪಿದರೆ ನಾನು ಹೇಳಬೇಕಾಗಿಯೇ ಇಲ್ಲ. ಒಮ್ಮೆ ಒಬ್ಬಳು ಕೇಳಿದಳು: “ಮುಂದಿನ ಊರಿನ ದೊಡ್ಡ ಶಾಲೆಯಲ್ಲಿ ಒಬ್ಬೊಬ್ಬರಿಗೆ 150 ಗ್ರಾಂ ಅಂತೆ. ಅವರಿಗೇಕೆ ಹೆಚ್ಚು?” ಆರರಿಂದ ಎಂಟನೆಯ ತರಗತಿಗೆ ಅಷ್ಟು ಇರುವುದು ನಿಜ. ಬೆಳೆಯುವ ಮೈ, ಶಕ್ತಿ, ಹಸಿವು ಎಂದು ಮಾತು ಹೊರಟಿತು; ಗಣಿತದ ಅವಧಿ ಪರಿಸರ ಅಧ್ಯಯನವಾಗಿ ಮುಗಿಯಿತು. ವೇಳಾಪಟ್ಟಿ ನೋಡಲು ಅವತ್ತು ಯಾರೂ ಬರಲಿಲ್ಲ, ಪುಣ್ಯ.

ಪರಿಸರ ಅಧ್ಯಯನ: ಯಾರೂ ಕೇಳದ ವಿಷಯ

ಪಾಲಕರ ಸಭೆಯಲ್ಲಿ ಗಣಿತ ಕೇಳುತ್ತಾರೆ, ಇಂಗ್ಲಿಷ್ ಕೇಳುತ್ತಾರೆ. ಪರಿಸರ ಅಧ್ಯಯನದ ಬಗ್ಗೆ ಇಷ್ಟು ವರ್ಷಗಳಲ್ಲಿ ನನ್ನನ್ನು ಕೇಳಿದವರು ಬೆರಳೆಣಿಕೆಯಷ್ಟೂ ಇಲ್ಲ. ಐದನೆಯ ತರಗತಿಯವರೆಗೆ ಇದು ಒಂದೇ ವಿಷಯ. ಆರಕ್ಕೆ ಹೋದ ಮೇಲೆ ವಿಜ್ಞಾನ, ಸಮಾಜ ವಿಜ್ಞಾನ ಎಂದು ಒಡೆಯುತ್ತದೆ. ಆ ಎರಡಕ್ಕೂ ಬುನಾದಿ ಇಲ್ಲೇ ಬೀಳುತ್ತದೆ. ಇದಕ್ಕೆ ಬೇಕಾದ ಸಾಮಾನು ಶಾಲೆಗಿಂತ ನಿಮ್ಮ ಮನೆಯಲ್ಲೇ ಹೆಚ್ಚು ಇದೆ.

ಅಜ್ಜನಿಂದ ಶುರುಮಾಡಿ. ‘ನಿನ್ನ ಹುಟ್ಟು ಯಾವ ರಾಜ್ಯ, ಯಾವ ಜಿಲ್ಲೆ’ ಎಂದು ಮಗು ಅಜ್ಜನನ್ನು ಕೇಳಿ ಬರೆದುಕೊಂಡು ಬರಲಿ. 1952ರಲ್ಲಿ ನಮ್ಮ ಕಡೆ ಹುಟ್ಟಿದ ಅಜ್ಜ ಹುಟ್ಟಿದ್ದು ಮುಂಬಯಿ ರಾಜ್ಯದಲ್ಲಿ. 1956ರ ನವೆಂಬರ್ 1ಕ್ಕೆ ಅವನ ಊರು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. ಜಿಲ್ಲೆ 1997ರವರೆಗೆ ಧಾರವಾಡ, ಆಮೇಲೆ ಹಾವೇರಿ. ಗದಗ ಜಿಲ್ಲೆಯೂ ಆಗಲೇ ಹುಟ್ಟಿದ್ದು. ಅಜ್ಜ ಮಾತ್ರ ಅದೇ ಮನೆಯ ಅದೇ ಪಡಸಾಲೆಯಲ್ಲಿ ಕೂತಿದ್ದಾನೆ. ಇದನ್ನು ಬರೆಯಲು ಹೇಳಿದಾಗ ಒಬ್ಬ ಹುಡುಗ ‘ನಮ್ಮ ಅಜ್ಜ ಮುಂಬಯಿಯಲ್ಲಿ ಹುಟ್ಟಿದವರು’ ಎಂದು ಬರೆದುಕೊಂಡು ಬಂದ. ವಾರವಿಡೀ ಗೆಳೆಯರ ನಡುವೆ ಅವನ ಕಾಲು ನೆಲದ ಮೇಲಿರಲಿಲ್ಲ. ರಾಜ್ಯ ಬೇರೆ, ಶಹರ ಬೇರೆ ಎಂದು ನಕಾಶೆ ತೆಗೆದು ತೋರಿಸುವಾಗ ನನಗೇ ಪಾಪ ಎನಿಸಿತು.

ಆಮೇಲೆ ಮೆಣಸಿನಕಾಯಿ. ಬ್ಯಾಡಗಿಯ ಸುತ್ತಮುತ್ತ ಇದ್ದು ಮೆಣಸಿನಕಾಯಿಯನ್ನು ಬಿಟ್ಟು ವಿಜ್ಞಾನ ಕಲಿಸುವುದು ನನ್ನಿಂದಾಗುವುದಿಲ್ಲ. ಹೊಲದಿಂದ ತಂದ ಹಸಿ ಕೆಂಪು ಕಾಯಿಗಳಲ್ಲಿ ಇಪ್ಪತ್ತನ್ನು ಎಣಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ತೂಕ ಬರೆದಿಡಿ. ಮಾಳಿಗೆಯ ಮೇಲೆ ಒಣಗಲು ಹಾಕುವ ಮೊದಲು ಮಗುವನ್ನು ಕೇಳಿ: “ಒಣಗಿದ ಮೇಲೆ ಎಷ್ಟು ತೂಗಬಹುದು?” ಅದು ಹೇಳಿದ ಸಂಖ್ಯೆಯನ್ನೂ ಬರೆದಿಡಿ, ಇದನ್ನು ಬಿಟ್ಟರೆ ಪ್ರಯೋಗ ಹೋಯಿತು, ಬರೀ ತೂಕವಾಯಿತು. ಒಣಗಿದ ಮೇಲೆ ಅದೇ ತಕ್ಕಡಿಯಲ್ಲಿ ತೂಗಿಸಿ. ಕಾಯಿ ಇಪ್ಪತ್ತೇ ಇವೆ, ತೂಕ ಎಲ್ಲಿಗೆ ಹೋಯಿತು? ‘ನೀರು ಆವಿಯಾಯಿತು’ ಎಂಬ ಪುಸ್ತಕದ ವಾಕ್ಯ ಆಗ ಮಗುವಿನ ಸ್ವಂತ ಮಾತಾಗುತ್ತದೆ. ಕೈ ತೊಳೆಯುವವರೆಗೆ ಕಣ್ಣು ಮುಟ್ಟಬಾರದು ಎಂದು ಮೊದಲೇ ಹೇಳಿ. ನಾನು ಒಂದು ವರ್ಷ ಹೇಳುವುದನ್ನು ಮರೆತೆ, ಅದರ ಫಲವನ್ನು ಇಡೀ ಮೂರನೆಯ ತರಗತಿ ಉಂಡಿತು.

ಜೊತೆಗೆ ಬ್ಯಾಡಗಿ ಕಾಯಿಯ ಎರಡು ಬಗೆಗಳಾದ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಬೇರೆ ಮಾಡಿಸಿ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳು. ಎರಡಕ್ಕೂ ಮೈತುಂಬ ಸುಕ್ಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಇದು ಈ ಸೀಮೆಯದೇ ಬೆಳೆ ಎಂಬ ಸರ್ಕಾರಿ ಗುರುತು ಸಿಕ್ಕಿತು. ಅದರ ಹೆಸರು ಖಾರಕ್ಕಲ್ಲ, ಬಣ್ಣಕ್ಕೆ. ವರ್ಗೀಕರಣ ಎಂಬ ಕಠಿಣ ಪದ ಪುಸ್ತಕದಲ್ಲಿ ಬರುವ ಮೊದಲೇ ಮಗುವಿನ ಕೈ ಆ ಕೆಲಸ ಮಾಡಿ ಮುಗಿಸಿರುತ್ತದೆ.

ಮೂರನೆಯದು ಗೋಡೆಯ ಕ್ಯಾಲೆಂಡರ್. ನಲಿಕಲಿ ಕೋಣೆಯಲ್ಲಿ ಹವಾಮಾನದ ಚಾರ್ಟ್ ಇರುತ್ತದೆ, ಮಕ್ಕಳು ದಿನಾ ಬಿಸಿಲು, ಮೋಡ, ಮಳೆ, ಗಾಳಿ ಗುರುತು ಮಾಡುತ್ತಾರೆ. ಮನೆಯಲ್ಲಿಯೂ ಮಲಗುವ ಮೊದಲು ಆ ದಿನದ ಚೌಕದಲ್ಲಿ ಒಂದು ಗುರುತು ಹಾಕಿಸಿ. ತಿಂಗಳ ಕೊನೆಗೆ ಎಣಿಸಿ, ಮಳೆ ಬಂದ ದಿನಕ್ಕೊಂದು ಬೆಂಕಿಪೊಟ್ಟಣದಂತೆ ಒಂದರ ಮೇಲೊಂದು ಚೌಕ ಬರೆಸಿದರೆ ಸ್ತಂಭಾಲೇಖ ಸಿದ್ಧ. ಮೃಗಶಿರ, ಆರಿದ್ರಾ, ಪುನರ್ವಸು ಎಂಬ ಮಳೆಗಳ ಹೆಸರು ಅದೇ ಕ್ಯಾಲೆಂಡರಿನಲ್ಲಿ ಇರುತ್ತದೆ. ಓದುವುದು ಮಗು, ಯಾವ ಮಳೆಗೆ ಯಾವ ಬಿತ್ತನೆ ಎಂದು ಹೇಳುವುದು ಅಜ್ಜ. ಓದು, ಲೆಕ್ಕ, ಪರಿಸರ ಮೂರೂ ಒಂದೇ ಮೊಳೆಗೆ ತೂಗಿಕೊಂಡಿವೆ. ಪ್ರಗತಿ ಪತ್ರದಲ್ಲಿ ಅವು ಬೇರೆ ಬೇರೆ ಸಾಲಿನಲ್ಲಿರುವುದು ನಮ್ಮ ಬರವಣಿಗೆಯ ಅನುಕೂಲಕ್ಕೆ.

ಇಂಗ್ಲಿಷ್ ಮತ್ತು ಉಳಿದವು

ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಇದೆ. ಮೊದಲ ವರ್ಷಗಳಲ್ಲಿ ಅದು ಕಿವಿಯ ಮತ್ತು ಬಾಯಿಯ ವಿಷಯ. ಸ್ಪೆಲಿಂಗ್ ಕೇಳಬೇಡಿ. ‘ಓಪನ್ ದ ಡೋರ್’ ಎಂದು ಹೇಳಿ ಸುಮ್ಮನೆ ನಿಲ್ಲಿ. ಮಗು ಎದ್ದು ಬಾಗಿಲು ತೆರೆದರೆ ಕಲಿತಿದೆ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು, ಮಗುವೇ ನಿಮಗೆ ಆಜ್ಞೆ ಮಾಡಲಿ. ಅಪ್ಪನನ್ನು ಎಬ್ಬಿಸಿ ಕೂರಿಸುವ ಅವಕಾಶ ಸಿಕ್ಕರೆ ಯಾವ ಮಗುವೂ ಬಿಡುವುದಿಲ್ಲ.

ಹಾಡು, ಚಿತ್ರ, ಆಟಗಳನ್ನು ‘ಬರೀ’ ಎಂಬ ಪದ ಸೇರಿಸಿಯೇ ಹೇಳುವ ರೂಢಿ ಇದೆ. ಬರೀ ಹಾಡು, ಬರೀ ಕುಣಿತ. ಅಕ್ಷರ ದುಂಡಗೆ ಬರಲು ಮೊದಲು ಬೆರಳು ಪಳಗಬೇಕು; ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಗುವಿನ ಕೈಗೆ ಒಂದು ಮುದ್ದೆ ಎರೆಮಣ್ಣು ಕೊಟ್ಟು ಎತ್ತು ಮಾಡಿಸಿ ನೋಡಿ. ಕೊಂಬು ಹಿಸುಕಿ ಚೂಪು ಮಾಡುವ ಬೆರಳು ಬಳಪವನ್ನೂ ಸರಿಯಾಗಿ ಹಿಡಿಯುತ್ತದೆ.

ಶಾಲೆಗೆ ಬಂದಾಗ

“ನನ್ನ ಮಗ ಹೇಗಿದ್ದಾನೆ?” ಎಂದು ಕೇಳಿದರೆ ನಾನೂ “ಚೆನ್ನಾಗಿದ್ದಾನೆ” ಎಂದು ಹೇಳಿ ಕಳುಹಿಸಿಬಿಡುತ್ತೇನೆ, ಕೈಯಲ್ಲಿ ಬೇರೆ ದಾಖಲೆ ತುಂಬುತ್ತಿರುತ್ತೇನಲ್ಲ. ಅದರ ಬದಲು ನಲಿಕಲಿ ಕೋಣೆಯ ಗೋಡೆಯ ಮೇಲಿರುವ ‘ಪ್ರಗತಿ ನೋಟ’ ಎಂಬ ಪಟ್ಟಿಯನ್ನು ತೋರಿಸಲು ಹೇಳಿ. ಯಾವ ಮೈಲಿಗಲ್ಲಿನಲ್ಲಿದ್ದಾನೆ, ಅಲ್ಲಿ ಎಷ್ಟು ದಿನದಿಂದ ಇದ್ದಾನೆ, ಎಡವುತ್ತಿರುವುದು ಯಾವುದಕ್ಕೆ. ಈ ಮೂರನ್ನು ಕೇಳಿದವರ ಮುಂದೆ ನಾನು ಪೆನ್ನು ಕೆಳಗಿಡುತ್ತೇನೆ. ಪಕ್ಕದ ಮನೆಯ ಮಗು ಎಲ್ಲಿದೆ ಎಂದು ಮಾತ್ರ ಕೇಳಬೇಡಿ, ಹೇಳುವುದಿಲ್ಲ.

ಮೂರನೆಯ ತರಗತಿಗೆ ಬಂದ ಮಗು ಇನ್ನೂ ಗದಗದಲ್ಲೇ ನಿಂತಿದ್ದರೆ ದಸರಾ ರಜೆಗೆ ಮೊದಲು ಬನ್ನಿ. ಮಾರ್ಚಿನಲ್ಲಿ ಬಂದರೆ ನಿಮ್ಮ ಜೊತೆ ಕೂತು ಮರುಗಬಹುದು, ಅಷ್ಟೆ. ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ‘ದಡ್ಡಿ’ ಎಂದು ಹೆಸರು ಹೊತ್ತಿದ್ದ ಒಬ್ಬಳಿಗೆ ಹಲಗೆಯ ಅಕ್ಷರವೇ ಕಾಣುತ್ತಿರಲಿಲ್ಲ, ಕನ್ನಡಕ ಬಂದ ಮೇಲೆ ಎರಡು ತಿಂಗಳಲ್ಲಿ ರಾಣೆಬೆನ್ನೂರು ದಾಟಿದಳು. ಬರುವಾಗ ಮಗುವನ್ನೂ ಅದರ ನೋಟುಬುಕ್ಕನ್ನೂ ತನ್ನಿ, ತಪ್ಪುಗಳನ್ನು ಅಳಿಸಿ ತರಬೇಡಿ. ನಾಲ್ಕು ಇಪ್ಪತ್ತಕ್ಕೆ ಶಾಲೆ ಬಿಡುತ್ತದೆ, ನನ್ನ ಬಸ್ಸು ಐದು ಹತ್ತಕ್ಕೆ. ನಡುವಿನ ಐವತ್ತು ನಿಮಿಷ ನಾನು ಕಟ್ಟೆಯ ಮೇಲೆಯೇ ಇರುತ್ತೇನೆ.